ನೆಪ್ಚೂನ್‌ನ ನಡುಹಗಲು, ನಮ್ಮನೆಯ ಟ್ಯೂಬ್‌ಲೈಟು

ನೆಪ್ಚೂನ್ ಗ್ರಹದ ಬಳಿ ನಡುಹಗಲಿನಲ್ಲಿ ಎಷ್ಟು ಬೆಳಕಿರಬಹುದು? ಪುಸ್ತಕ ಓದುವಷ್ಟು ಇರುತ್ತದೆಯೇ, ಇಲ್ಲಾ ಕಗ್ಗತ್ತಲೆಯೇ? ಕಳೆದ ಕೆಲವು ತಿಂಗಳಿಂದ ಸಿಕ್ಕವರಿಗೆಲ್ಲ ಈ ಪ್ರಶ್ನೆ ಕೇಳುತ್ತಿದ್ದೇನೆ. ವಿಜ್ಞಾನ ಓದಿದವರು, ಓದದವರು ಎಲ್ಲರದೂ ಹೆಚ್ಚುಕಡಿಮೆ ಒಂದೇ ಉತ್ತರ: ‘ಸೂರ್ಯನಿಂದ ಅಷ್ಟು ದೂರ ಅಂದ್ಮೇಲೆ ಕತ್ತಲೇನೇ ಇರ್ಬೇಕು ಬಿಡು’. ಆದರೆ ಬಾಹ್ಯಾಕಾಶದ ಗೇಮ್‌ಗಳನ್ನೋ ಸೌರವ್ಯೂಹ ತೋರಿಸುವ ಆ್ಯಪ್‌ಗಳನ್ನೋ ತೆರೆದರೆ ಹಲವುದರಲ್ಲಿ ಇದಕ್ಕೆ ತದ್ವಿರುದ್ಧ. ಬುಧನೂ ಫಳಫಳ, ನೆಪ್ಚೂನೂ ಫಳಫಳ. ಸೂರ್ಯ ತನ್ನ ಎಂಟೂ ಮಕ್ಕಳಿಗೆ ಬೆಳಕನ್ನು ಸಮನಾಗಿ ಪಾಲು ಮಾಡಿಕೊಟ್ಟ ಹಾಗೆ!

ಎರಡೂ ಸರಿಯಲ್ಲ. ಸರಿಯಾದ ಉತ್ತರ ನಿಮ್ಮ ಮನೆಯೊಳಗೇ ಇದೆ ಎಂದರೆ ನಂಬುತ್ತೀರಾ?

ನಾನು ಭೌತವಿಜ್ಞಾನ, ಗಣಿತ, ಕಂಪ್ಯೂಟರ್ ಸೈನ್ಸ್ ಓದಿ ಬಿ.ಎಸ್ಸಿ ಮುಗಿಸಿದವನು. ಊರು ಸಾಗರದ ಹತ್ತಿರ. ಕೆಲಸ ಹುಡುಕುತ್ತಾ ಮನೆಯಲ್ಲಿರುವ ಈ ದಿನಗಳಲ್ಲಿ ಹಳೆಯ ಲ್ಯಾಪ್‌ಟಾಪಿಗೆ ಗೊಡೊ ಎಂಬ ಉಚಿತ ಗೇಮ್ ಎಂಜಿನ್ ಹಾಕಿಕೊಂಡು ಪುಟ್ಟದೊಂದು ಸೌರವ್ಯೂಹ ಸಿಮ್ಯುಲೇಟರ್ ಕಟ್ಟುತ್ತಿದ್ದೇನೆ. ಗ್ರಹಗಳ ಕಕ್ಷೆ, ವೇಗ, ಗಾತ್ರ ಎಲ್ಲವೂ ಲೆಕ್ಕದ ಪ್ರಕಾರ ಕೂತವು. ತಲೆ ಕೆಡಿಸಿದ್ದು ಬಿಸಿಲು. ಅದನ್ನು ‘ಇದ್ದ ಹಾಗೆ’ ತೋರಿಸುವುದು ಎಂದರೇನು ಎಂಬ ಪ್ರಶ್ನೆ ನನ್ನನ್ನು ಎಲ್ಲೆಲ್ಲಿಗೋ ಕರೆದೊಯ್ಯಿತು.

ಎಲ್ಲ ಕಡೆಯೂ ಒಂದೇ ಬಿಸಿಲೇಕೆ?

ಗೊಡೊ, ಯೂನಿಟಿ, ಬ್ಲೆಂಡರ್ ಯಾವುದನ್ನೇ ತೆರೆಯಿರಿ. ಬಿಸಿಲು ಬೇಕೆಂದರೆ ಹಾಕಿಕೊಳ್ಳುವ ದೀಪ ‘ಡೈರೆಕ್ಷನಲ್ ಲೈಟ್’ ಅಥವಾ ‘ಸನ್’. ಈ ದೀಪಕ್ಕೆ ದಿಕ್ಕು ಉಂಟು, ದೂರ ಇಲ್ಲ. ಸೂರ್ಯ ಬಹಳ ದೂರದಲ್ಲಿರುವುದರಿಂದ ಅದರ ಕಿರಣಗಳು ಸಮಾನಾಂತರವಾಗಿ ಬರುತ್ತವೆ, ಎಲ್ಲ ಕಡೆಯೂ ಒಂದೇ ಪ್ರಮಾಣದಲ್ಲಿ ಬೀಳುತ್ತವೆ ಎಂದು ಎಂಜಿನ್ ಲೆಕ್ಕ ಹಾಕುತ್ತದೆ. ಒಂದು ಊರನ್ನೋ ಕ್ರಿಕೆಟ್ ಮೈದಾನವನ್ನೋ ಕಟ್ಟುವವರಿಗೆ ಇಷ್ಟು ಸಾಕು. ಮೈದಾನದ ಈ ತುದಿಗೂ ಆ ತುದಿಗೂ ಬಿಸಿಲಿನಲ್ಲಿ ಏನು ವ್ಯತ್ಯಾಸ? ಆದರೆ ಅದೇ ದೀಪವನ್ನು ಸೌರವ್ಯೂಹಕ್ಕೆ ಹಾಕಿದರೆ ಬುಧನಿಗೆ ಬಿದ್ದಷ್ಟೇ ಬಿಸಿಲು ನೆಪ್ಚೂನಿಗೂ ಬೀಳುತ್ತದೆ. ದೂರಕ್ಕೆ ತಕ್ಕಂತೆ ಅದನ್ನು ತಗ್ಗಿಸುವ ಸಾಲನ್ನು ಪ್ರೋಗ್ರಾಂ ಬರೆಯುವವರೇ ಸೇರಿಸಬೇಕು.

ಆ ಸಾಲು ಪಿಯುಸಿಯಲ್ಲಿ ಓದಿದ್ದೇ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕರಲ್ಲೊಂದು ಪಾಲು, ಮೂರು ಪಟ್ಟಾದರೆ ಒಂಬತ್ತರಲ್ಲೊಂದು ಪಾಲು. ಸೂರ್ಯನಿಂದ ಹೊರಟ ಬೆಳಕು ಮುಂದೆ ಹೋದಂತೆ ಹೆಚ್ಚು ಹೆಚ್ಚು ಜಾಗಕ್ಕೆ ಹರಡಿಕೊಳ್ಳಬೇಕಲ್ಲ, ಅದಕ್ಕೆ.

ಭೂಮಿಗೂ ಸೂರ್ಯನಿಗೂ ಇರುವ ಸರಾಸರಿ ದೂರ, ಅಂದರೆ ಸುಮಾರು 15 ಕೋಟಿ ಕಿಲೊಮೀಟರನ್ನು ಒಂದು ಎಂದು ಇಟ್ಟುಕೊಳ್ಳಿ. ವಾಯುಮಂಡಲದ ಹೊರಗೆ ಒಂದು ಚದರ ಮೀಟರಿಗೆ ಬೀಳುವ ಸೌರಶಕ್ತಿ ಸುಮಾರು 1,361 ವಾಟ್. ಕಣ್ಣಿಗೆ ಕಾಣುವ ಬೆಳಕಿನ ಅಳತೆಯಾದ ಲಕ್ಸ್‌ನಲ್ಲಿ ಹೇಳುವುದಾದರೆ ಸುಮಾರು 1,28,000. ಬುಧನಲ್ಲಿ ಸರಾಸರಿ ಇದರ 6.7 ಪಟ್ಟು. ಶುಕ್ರನಲ್ಲಿ ಸುಮಾರು ಎರಡು ಪಟ್ಟು. ಮಂಗಳನಲ್ಲಿ ಶೇ 43. ಗುರುವಿನಲ್ಲಿ 27ರಲ್ಲಿ ಒಂದು ಪಾಲು. ಶನಿಯಲ್ಲಿ 92ರಲ್ಲಿ, ಯುರೇನಸ್‌ನಲ್ಲಿ ಸುಮಾರು 370ರಲ್ಲಿ, ನೆಪ್ಚೂನಿನಲ್ಲಿ ಸುಮಾರು 900ರಲ್ಲಿ ಒಂದು ಪಾಲು. ಪ್ಲುಟೊದ ಸರಾಸರಿ ದೂರಕ್ಕೆ ಲೆಕ್ಕ ಹಾಕಿದರೆ ಸುಮಾರು 1,560ರಲ್ಲಿ ಒಂದು ಪಾಲು.

ಕಕ್ಷೆಗಳು ಪೂರ್ತಿ ದುಂಡಗಿಲ್ಲವಾದ್ದರಿಂದ ವರ್ಷದುದ್ದಕ್ಕೂ ಈ ಸಂಖ್ಯೆಗಳು ಏರಿಳಿಯುತ್ತವೆ. ಮಂಗಳನಲ್ಲಿ ಶೇ 36ರಿಂದ ಶೇ 52ರವರೆಗೆ. ನಮ್ಮ ಭೂಮಿಯಲ್ಲೂ ಜನವರಿ ಮೊದಲ ವಾರದ ಬಿಸಿಲು ಜುಲೈ ಮೊದಲ ವಾರದ್ದಕ್ಕಿಂತ ಸುಮಾರು ಶೇ 7ರಷ್ಟು ಹೆಚ್ಚು. ಜನವರಿಯಲ್ಲಿ ನಾವು ಸ್ವೆಟರ್ ಹಾಕಿಕೊಂಡಿರುವಾಗಲೇ ಭೂಮಿ ಸೂರ್ಯನಿಗೆ ಹೆಚ್ಚು ಹತ್ತಿರವಿರುತ್ತದೆ!

ಶನಿಯಲ್ಲಿ ಕರೆಂಟ್ ಹೋಯ್ತಾ?

ಈ ಲೆಕ್ಕವನ್ನು ಸಿಮ್ಯುಲೇಟರಿಗೆ ಹಾಗೆಯೇ ಹಾಕಿದರೆ ಹೇಗೆ ಕಾಣುತ್ತದೆ ನೋಡೋಣವೆಂದು ಹಾಕಿದೆ. ಭೂಮಿ ಚೆನ್ನಾಗಿತ್ತು. ಮಂಗಳ ಸ್ವಲ್ಪ ಮಂಕು. ಗುರು ಮುಸ್ಸಂಜೆಯಂತೆ. ಶನಿಯ ಉಂಗುರಗಳನ್ನು ಕಷ್ಟಪಟ್ಟು ಹುಡುಕಬೇಕು. ನೆಪ್ಚೂನ್ ಇರಬೇಕಾದ ಕಡೆ ಕಪ್ಪು ಪರದೆ. ಪಕ್ಕದಲ್ಲಿ ಕೂತು ಡಿಗ್ರಿ ಪರೀಕ್ಷೆಗೆ ಓದುತ್ತಿದ್ದ ತಂಗಿ ಇಣುಕಿ ನೋಡಿ, ‘ಏನಣ್ಣಾ, ಶನಿಯಲ್ಲಿ ಕರೆಂಟ್ ಹೋಯ್ತಾ?’ ಅಂದಳು.

ಲೆಕ್ಕದಲ್ಲಿ ದೋಷವಿಲ್ಲ. ಆದರೆ ಲೆಕ್ಕಕ್ಕೆ ಇನ್ನೊಬ್ಬರು ಸೇರಬೇಕು. ಅದು ನಮ್ಮ ಕಣ್ಣು.

ಹೊರಗೆ ಸುಡುಬಿಸಿಲಿನಲ್ಲಿ ನಿಂತು ಒಳಗೆ ಬಂದಾಗ ಮೊದಲು ಏನೂ ಕಾಣುವುದಿಲ್ಲ, ಆಮೇಲೆ ನಿಧಾನಕ್ಕೆ ಎಲ್ಲ ಕಾಣತೊಡಗುತ್ತದೆ. ಸಿನಿಮಾ ಶುರುವಾದ ಮೇಲೆ ಟಾಕೀಸಿಗೆ ಹೋಗಿ ಸೀಟು ಹುಡುಕಿದವರಿಗೆಲ್ಲ ಇದು ಗೊತ್ತು. ಕಣ್ಣಿನ ಪಾಪೆ ಹಿಗ್ಗಿ ಕುಗ್ಗಿ ಹೊಂದಿಸಿಕೊಳ್ಳುವುದು ಹೆಚ್ಚೆಂದರೆ ಹದಿನಾರು ಪಟ್ಟಿನವರೆಗೆ. ಉಳಿದ ಬಹುದೊಡ್ಡ ಹೊಂದಾಣಿಕೆ ಅಕ್ಷಿಪಟಲದಲ್ಲೇ ನಡೆಯುತ್ತದೆ. ಹಾಗಾಗಿ ಹುಣ್ಣಿಮೆಯ ಕಾಲು ಲಕ್ಸ್ ಬೆಳಕಿನಲ್ಲೂ ನಾವು ದಾರಿ ನಡೆಯುತ್ತೇವೆ, ಒಂದು ಲಕ್ಷ ಲಕ್ಸ್ ಬಿಸಿಲಿನಲ್ಲೂ ಗದ್ದೆ ಕೆಲಸ ಮಾಡುತ್ತೇವೆ. ಇವೆರಡರ ನಡುವಿನ ಅಂತರ ನಾಲ್ಕು ಲಕ್ಷ ಪಟ್ಟು! ನೆಪ್ಚೂನಿನ 900 ಪಟ್ಟು ಇದರ ಮುಂದೆ ಏನೂ ಅಲ್ಲ.

ಮೊಬೈಲ್ ಹಿಡಿದು ಗ್ರಹಯಾತ್ರೆ

ಇದನ್ನು ಬಾಯಲ್ಲಿ ಹೇಳಿದರೆ ತಂಗಿ ನಂಬಲಿಲ್ಲ. ಹೆಚ್ಚಿನ ಆ್ಯಂಡ್ರಾಯ್ಡ್ ಫೋನುಗಳಲ್ಲಿ ಪರದೆಯ ಬೆಳಕನ್ನು ತಾನೇ ಏರಿಳಿಸಲು ಒಂದು ಸೆನ್ಸರ್ ಇರುತ್ತದೆ. ಫೈಫಾಕ್ಸ್ ಎಂಬ ಉಚಿತ ಆ್ಯಪ್ ಅದರ ಲಕ್ಸ್ ಅಳತೆಯನ್ನು ನೇರವಾಗಿ ತೋರಿಸುತ್ತದೆ. ಅದನ್ನು ಹಾಕಿಕೊಂಡು ಇಬ್ಬರೂ ಮನೆಯಲ್ಲಿ ಗ್ರಹಗಳನ್ನು ಹುಡುಕಲು ಹೊರಟೆವು. ಸೆನ್ಸರ್ ಅಷ್ಟೇನೂ ನಿಖರವಲ್ಲ, ಆದರೆ ನಮ್ಮ ಕೆಲಸಕ್ಕೆ ಸಾಕು.

ಗುರುವಿನ ಬಿಸಿಲು ಸುಮಾರು 4,700 ಲಕ್ಸ್. ಅದು ಸಿಕ್ಕಿದ್ದು ಅಂಗಳದಲ್ಲಿ, ದಟ್ಟ ಮೋಡ ಕವಿದ ಆಷಾಢದ ಒಂದು ಮಧ್ಯಾಹ್ನ. ಮಲೆನಾಡಿನವರಿಗೆ ಗುರುಗ್ರಹದ ಬೆಳಕು ಹೊಸದೇನಲ್ಲ, ವರ್ಷಕ್ಕೆ ಮೂರ್ನಾಲ್ಕು ತಿಂಗಳು ಅದರಲ್ಲೇ ಬದುಕುತ್ತೇವೆ! ಶನಿಯ 1,400 ಲಕ್ಸ್ ಜಗಲಿಯ ಅಂಚಿನಲ್ಲಿ ಸಿಕ್ಕಿತು. ಯುರೇನಸ್‌ನ 350 ಲಕ್ಸ್ ಕಿಟಕಿಯ ಪಕ್ಕದ ಓದುವ ಮೇಜಿನ ಮೇಲೆ. ನೆಪ್ಚೂನಿನ 140 ಲಕ್ಸ್ ರಾತ್ರಿ ಅಡುಗೆಮನೆಯ ಟ್ಯೂಬ್‌ಲೈಟಿನ ಕೆಳಗೆ, ಅಮ್ಮ ತರಕಾರಿ ಹೆಚ್ಚುವ ಕಟ್ಟೆಯ ಮೇಲೆ. ಪ್ಲುಟೊದ 80 ಲಕ್ಸ್ ಅಲ್ಲಿಂದ ಎರಡು ಹೆಜ್ಜೆ ಆಚೆ.

‘ಅಂದ್ರೆ ನಾನು ಸೆಮಿಸ್ಟರ್ ಪೂರ್ತಿ ಓದಿದ್ದು ನೆಪ್ಚೂನಲ್ಲಾ?’ ಎಂದು ತಂಗಿ ನಕ್ಕಳು. ಹೌದು. ಟ್ಯೂಬ್‌ಲೈಟಿನಡಿ ಕೂತು ಓದಿದ ನಾವೆಲ್ಲ ನೆಪ್ಚೂನಿನ ಹಗಲಿನಲ್ಲೇ ಓದಿದವರು.

2015ರಲ್ಲಿ ನ್ಯೂ ಹೊರೈಜನ್ಸ್ ನೌಕೆ ಪ್ಲುಟೊವನ್ನು ಹಾದುಹೋದಾಗ ನಾಸಾ ‘ಪ್ಲುಟೊ ಟೈಮ್’ ಎಂಬ ಅಭಿಯಾನ ನಡೆಸಿತ್ತು. ನೀವಿರುವ ಊರಿನಲ್ಲಿ ಪ್ಲುಟೊದ ನಡುಹಗಲಿನಷ್ಟೇ ಬೆಳಕು ಯಾವ ಹೊತ್ತಿಗೆ ಇರುತ್ತದೆಂದು ಹೇಳುವ ಲೆಕ್ಕ ಅದು. ಆಕಾಶ ತಿಳಿಯಾಗಿದ್ದರೆ ಸೂರ್ಯ ಮುಳುಗಿದ ಕೆಲವೇ ನಿಮಿಷಗಳಿಗೆ ಆ ಹೊತ್ತು ಬರುತ್ತದೆ. ದನಕರು ಕೊಟ್ಟಿಗೆಗೆ ಸೇರುವ, ದೀಪ ಹಚ್ಚುವ ಹೊತ್ತು.

ಚುಕ್ಕಿಯಾದರೂ ಸೂರ್ಯನೇ

ನೆಲದ ಮೇಲಿನ ಬೆಳಕಿನ ಕಥೆ ಇದಾದರೆ, ಆಕಾಶದಲ್ಲಿ ಕಾಣುವ ಸೂರ್ಯನದು ಬೇರೆಯೇ ಕಥೆ. ದೂರ ಹೋದಂತೆ ಸೂರ್ಯಬಿಂಬ ಮಂಕಾಗುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಮಂಕಾಗುವುದಿಲ್ಲ, ಚಿಕ್ಕದಾಗುತ್ತದೆ. ಬಿಂಬದ ಅಷ್ಟಗಲದ ಒಂದು ತುಣುಕನ್ನು ತೆಗೆದುಕೊಂಡರೆ ಅದರ ಪ್ರಖರತೆ ಬುಧನಿಂದ ನೋಡಿದರೂ ನೆಪ್ಚೂನಿನಿಂದ ನೋಡಿದರೂ ಒಂದೇ. ಭೂಮಿಯಿಂದ ಸೂರ್ಯನ ಅಗಲ ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚು. ಗುರುವಿನಿಂದ ಅದರ ಐದರಲ್ಲೊಂದು ಪಾಲು. ನೆಪ್ಚೂನಿನಿಂದ ಮೂವತ್ತರಲ್ಲೊಂದು ಪಾಲು. ಅಷ್ಟು ಚಿಕ್ಕದು ದುಂಡಗಿದೆಯೋ ಬರಿಯ ಚುಕ್ಕಿಯೋ ಎಂದು ಹೇಳುವುದು ಬರಿಗಣ್ಣಿಗೆ ಕಷ್ಟ.

ನನ್ನ ಲ್ಯಾಪ್‌ಟಾಪ್ ಪರದೆಯ ಅಗಲ 1,920 ಪಿಕ್ಸೆಲ್. ಅದರಲ್ಲಿ 60 ಡಿಗ್ರಿ ನೋಟ ತೋರಿಸಿದರೆ ಭೂಮಿಯಿಂದ ಕಾಣುವ ಸೂರ್ಯ ಸುಮಾರು 17 ಪಿಕ್ಸೆಲ್, ಗುರುವಿನಿಂದ 3 ಪಿಕ್ಸೆಲ್, ನೆಪ್ಚೂನಿನಿಂದ ಅರ್ಧ ಪಿಕ್ಸೆಲ್. ಅರ್ಧ ಪಿಕ್ಸೆಲ್ ಚುಕ್ಕಿಯನ್ನು ಸುಮ್ಮನೆ ಬಿಡಿಸಿದರೆ ಸಾವಿರಾರು ನಕ್ಷತ್ರಗಳ ನಡುವೆ ಅದೂ ಒಂದಾಗಿ ಕಳೆದುಹೋಗುತ್ತದೆ. ಅದು ದೊಡ್ಡ ಸುಳ್ಳು. ಪ್ಲುಟೊದಿಂದ ನೋಡಿದರೂ ಸೂರ್ಯ ನಮ್ಮ ಹುಣ್ಣಿಮೆ ಚಂದ್ರನಿಗಿಂತ ಸುಮಾರು 250 ಪಟ್ಟು ಪ್ರಕಾಶಮಾನ, ಅದೂ ಸೂಜಿಮೊನೆಯಷ್ಟು ಜಾಗದಲ್ಲಿ. 1977ರಲ್ಲಿ ಹೊರಟ ವಾಯೇಜರ್-1 ಈಗ ಭೂಮಿ-ಸೂರ್ಯರ ದೂರದ 160 ಪಟ್ಟಿಗಿಂತಲೂ ಆಚೆ ಇದೆ. ಅಲ್ಲಿ ಕೂಡ ಸೂರ್ಯ ಹತ್ತು ಹುಣ್ಣಿಮೆಗಿಂತ ಹೆಚ್ಚು ಬೆಳಕು ಕೊಡುತ್ತಿದ್ದಾನೆ.

ಸೂರ್ಯಬಿಂಬದ ಪ್ರಖರತೆ ಸುಮಾರು 160 ಕೋಟಿ ನಿಟ್. ಸಾಧಾರಣ ಲ್ಯಾಪ್‌ಟಾಪ್ ಪರದೆಯದು ಸುಮಾರು 300 ನಿಟ್. ಪರದೆ ತೋರಿಸಲಾಗದ್ದನ್ನು ಸೂಚಿಸಲು ಚುಕ್ಕಿಯ ಸುತ್ತ ಪ್ರಭೆ ಬಿಡಿಸಬೇಕಾಗುತ್ತದೆ. ಇನ್ನೊಂದು ಸಣ್ಣ ಸಂಗತಿ ನನಗೆ ಬಹಳ ಇಷ್ಟವಾಯಿತು. ಭೂಮಿಯಲ್ಲಿ ಎತ್ತರದ ಕಂಬದ ನೆರಳಿನ ತುದಿ ಮಸುಕಾಗಿರುತ್ತದೆ, ಏಕೆಂದರೆ ಸೂರ್ಯನಿಗೆ ಅಗಲವಿದೆ. ಪ್ಲುಟೊದಲ್ಲಿ ಸೂರ್ಯ ಚುಕ್ಕಿಯಾದ್ದರಿಂದ ನೆರಳಿನ ಅಂಚು ಬ್ಲೇಡಿನಲ್ಲಿ ಕತ್ತರಿಸಿದಂತೆ ಇರುತ್ತದೆ. ಸಿಮ್ಯುಲೇಟರಿನಲ್ಲಿ ಇದನ್ನು ಹೊಂದಿಸಿದ ದಿನ ಮೊದಲ ಸಲ ದೂರ ಎನ್ನುವುದು ಕಣ್ಣಿಗೆ ಕಂಡಂತಾಯಿತು.

ಕ್ಯಾಮೆರಾ, ಚಂದ್ರ ಮತ್ತು ನಮ್ಮ ಮಾವ

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕೇ, ಗೇಮ್ ನೋಡಲು ಚೆಂದವಿದ್ದರೆ ಸಾಲದೇ ಎಂದು ಗೆಳೆಯರು ಕೇಳಿದ್ದುಂಟು. ಅದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ಮಾವನಿಂದ. ಹಬ್ಬಕ್ಕೆ ಬಂದಿದ್ದ ಅವರು ವಾಟ್ಸ್‌ಆ್ಯಪ್‌ನಲ್ಲಿ ಬಂದ ವಿಡಿಯೊ ತೋರಿಸಿ, ‘ಅಪೊಲೊದವರು ಚಂದ್ರನ ಮೇಲೆ ತೆಗೆದ ಫೋಟೊದಲ್ಲಿ ಒಂದಾದ್ರೂ ನಕ್ಷತ್ರ ಇದ್ಯೇನೋ? ಎಲ್ಲ ಸ್ಟುಡಿಯೊದಲ್ಲಿ ತೆಗ್ದಿದ್ದು. ನಿನ್ನ ಗೇಮ್‌ನಲ್ಲೇ ನೋಡು, ಚಂದ್ರನ ನೆಲವೂ ಕಾಣುತ್ತೆ, ನಕ್ಷತ್ರವೂ ಕಾಣುತ್ತೆ’ ಎಂದರು.

ನಾನು ಸುಮ್ಮನಾದೆ. ಏಕೆಂದರೆ ಅವರ ಸಾಕ್ಷಿ ನನ್ನ ಸಿಮ್ಯುಲೇಟರೇ ಆಗಿತ್ತು! ಚೆಂದ ಕಾಣಲೆಂದು ಬಿಡಿಸಿದ ಆಕಾಶ, ನಿಜವಾದ ಫೋಟೊವನ್ನೇ ಸುಳ್ಳೆನ್ನುವಂತೆ ಮಾಡಿತ್ತು.

ಚಂದ್ರನ ಹಗಲಿನ ನೆಲ ಒಂದು ಲಕ್ಷಕ್ಕೂ ಹೆಚ್ಚು ಲಕ್ಸ್ ಬಿಸಿಲಿನಲ್ಲಿದೆ. ಅದನ್ನು ಸರಿಯಾಗಿ ಸೆರೆಹಿಡಿಯಲು ಕ್ಯಾಮೆರಾದ ಶಟರ್ ಸೆಕೆಂಡಿನ ನೂರಾರರಲ್ಲಿ ಒಂದು ಪಾಲು ಮಾತ್ರ ತೆರೆಯಬೇಕು. ಅಷ್ಟರಲ್ಲಿ ನಕ್ಷತ್ರದ ಬೆಳಕು ಫಿಲ್ಮಿನ ಮೇಲೆ ಗುರುತು ಮೂಡಿಸಲಾರದು. ರಾತ್ರಿ ಫ್ಲಡ್‌ಲೈಟ್ ಹಾಕಿದ ಮೈದಾನದಲ್ಲಿ ಆಟಗಾರರ ಫೋಟೊ ತೆಗೆಯಿರಿ, ಆಕಾಶ ಬರಿಯ ಕಪ್ಪಾಗಿ ಬರುತ್ತದೆ. ಮಾವನ ಫೋನಿನಲ್ಲೇ ಅಂಥದೊಂದು ಕಬಡ್ಡಿ ಪಂದ್ಯದ ಫೋಟೊ ಇತ್ತು. ಅದನ್ನು ನೋಡಿ, ‘ಹೌದಲ್ವೋ’ ಎಂದರು.

ಫೋಟೊಗ್ರಫಿ ಗೊತ್ತಿದ್ದವರಿಗೆ ಈ ಲೆಕ್ಕ ಇನ್ನೂ ಸುಲಭ. ಐಎಸ್‌ಒ 100, ಅಪರ್ಚರ್ ಎಫ್-16 ಇಟ್ಟರೆ ನಮ್ಮ ಬಿಸಿಲಿನಲ್ಲಿ ಸೆಕೆಂಡಿನ ನೂರರಲ್ಲೊಂದು ಪಾಲು ಸಾಕು. ಅದೇ ಸೆಟ್ಟಿಂಗ್‌ನಲ್ಲಿ ಗುರುವಿನ ಬಳಿ ಕಾಲು ಸೆಕೆಂಡ್ ಬೇಕು, ನೆಪ್ಚೂನಿನ ಬಳಿ ಒಂಬತ್ತು ಸೆಕೆಂಡ್. 1989ರ ಆಗಸ್ಟ್‌ನಲ್ಲಿ ವಾಯೇಜರ್-2 ನೆಪ್ಚೂನ್ ದಾಟುವಾಗ ಎದುರಾದದ್ದು ಇದೇ ತೊಡಕು. ದೀರ್ಘ ಎಕ್ಸ್‌ಪೋಷರ್ ಕೊಟ್ಟರೆ ನೌಕೆಯ ವೇಗಕ್ಕೆ ಚಿತ್ರ ಕಲಸಿಹೋಗುತ್ತದೆ. ಅದಕ್ಕೇ ವಿಜ್ಞಾನಿಗಳು ಇಡೀ ನೌಕೆಯನ್ನೇ ಮೆಲ್ಲಗೆ ತಿರುಗಿಸುತ್ತ, ಗುರಿಯನ್ನು ಹಿಂಬಾಲಿಸುತ್ತ ಚಿತ್ರ ತೆಗೆದರು. ಪುಸ್ತಕಗಳಲ್ಲಿ ನಾವು ನೋಡುವ ಆ ನೀಲಿ ಗೋಳದ ಹೊಳಪಿನ ಹಿಂದೆ ಇಷ್ಟು ಸಾಹಸವಿದೆ.

ಕಣ್ಣು ಹೊಂದಿಕೊಳ್ಳುತ್ತದೆ, ಸೋಲಾರ್ ಪ್ಯಾನೆಲ್ ಅಲ್ಲ

ಕಣ್ಣಿಗೂ ಕ್ಯಾಮೆರಾಕ್ಕೂ ಹೊಂದಿಕೊಳ್ಳುವ ಗುಣವಿದೆ. ಸೋಲಾರ್ ಪ್ಯಾನೆಲ್ಲಿಗೆ ಅದಿಲ್ಲ. ಅದಕ್ಕೆ ಬೇಕಿರುವುದು ಕಟ್ಟುನಿಟ್ಟಿನ ಲೆಕ್ಕ. 2011ರಲ್ಲಿ ಹೊರಟು 2016ರಲ್ಲಿ ಗುರುವನ್ನು ಸೇರಿದ ಜೂನೊ ನೌಕೆಗೆ ಸುಮಾರು ಒಂಬತ್ತು ಮೀಟರ್ ಉದ್ದದ ಮೂರು ರೆಕ್ಕೆಗಳಿವೆ. ಭೂಮಿಯ ಬಳಿ ಅವು ಸುಮಾರು 14 ಕಿಲೊವಾಟ್ ವಿದ್ಯುತ್ ಕೊಡಬಲ್ಲವು. ಗುರುವಿನ ಬಳಿ ಸಿಗುವುದು ಸುಮಾರು 500 ವಾಟ್. ನಮ್ಮ ಮನೆಯ ಮಿಕ್ಸಿ ಓಡುವಷ್ಟು! 14 ಸಾವಿರವನ್ನು 27ರಿಂದ ಭಾಗಿಸಿ ನೋಡಿ, ಪಿಯುಸಿಯ ಆ ಸೂತ್ರ ಎಷ್ಟು ಅಚ್ಚುಕಟ್ಟಾಗಿ ಕೂರುತ್ತದೆಂದು ತಿಳಿಯುತ್ತದೆ. ಪ್ಲುಟೊಗೆ ಹೋದ ನ್ಯೂ ಹೊರೈಜನ್ಸ್ ಸೂರ್ಯನನ್ನು ನೆಚ್ಚಿಕೊಳ್ಳಲೇ ಇಲ್ಲ, ಪ್ಲುಟೋನಿಯಂನ ಶಾಖದಿಂದ ವಿದ್ಯುತ್ ಮಾಡಿಕೊಂಡಿತು. 2014ರಲ್ಲಿ ಮಂಗಳನನ್ನು ತಲುಪಿದ ನಮ್ಮ ಮಂಗಳಯಾನ ಭೂಮಿಯ ಅರ್ಧಕ್ಕಿಂತ ಕಡಿಮೆ ಬಿಸಿಲಿನಲ್ಲೇ ಕೆಲಸ ಮಾಡಬೇಕಿತ್ತು. ಸೂರ್ಯನ ಅಧ್ಯಯನಕ್ಕೆ ಹೋಗಿರುವ ಆದಿತ್ಯ-ಎಲ್1 ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿಲೊಮೀಟರ್ ಸರಿದು ನಿಂತಿದೆ. ಕೇಳಲು ಬಹಳ ದೂರ, ಆದರೆ ಒಟ್ಟು ದೂರದ ಶೇ 1 ಮಾತ್ರ. ಹಾಗಾಗಿ ಅಲ್ಲಿ ಬಿಸಿಲು ಹೆಚ್ಚಾಗುವುದು ಕೇವಲ ಶೇ 2ರಷ್ಟು.

ಹೀಗಾಗಿ ನನ್ನ ಸಿಮ್ಯುಲೇಟರಿನಲ್ಲಿ ಈಗ ಒಂದೇ ಬಿಸಿಲಿಗೆ ಮೂರು ನೋಟಗಳಿವೆ. ‘ಕಣ್ಣು’ ಎಂಬ ಬಟನ್ ಒತ್ತಿದರೆ ಮನುಷ್ಯ ಅಲ್ಲಿದ್ದರೆ ಹೇಗೆ ಕಾಣುತ್ತಿತ್ತೋ ಹಾಗೆ, ಗ್ರಹದಿಂದ ಗ್ರಹಕ್ಕೆ ಹಾರಿದಾಗ ಎರಡು ಕ್ಷಣ ಮಬ್ಬಾಗಿ ಆಮೇಲೆ ತಿಳಿಯಾಗುತ್ತದೆ. ‘ಕ್ಯಾಮೆರಾ’ ಒತ್ತಿದರೆ ಎಕ್ಸ್‌ಪೋಷರ್ ನಿಮ್ಮ ಕೈಯಲ್ಲಿ, ನೆಲ ಬೇಕಾದರೆ ನಕ್ಷತ್ರ ಬಿಡಬೇಕು. ‘ಲೆಕ್ಕ’ ಒತ್ತಿದರೆ ಕಪ್ಪಾಗುವುದೆಲ್ಲ ಕಪ್ಪೇ. ಮೂರರಲ್ಲೂ ಮೂಲೆಯಲ್ಲಿ ಲಕ್ಸ್ ಮತ್ತು ವಾಟ್ ಓಡುತ್ತಿರುತ್ತದೆ, ಪ್ಯಾನೆಲ್ ಅದನ್ನೇ ನಂಬಿ ನಡೆಯುತ್ತದೆ. ಇದು ನಾನೇ ಕಂಡುಹಿಡಿದ ಉಪಾಯವಲ್ಲ. ಬ್ರೌಸರಿನಲ್ಲೇ ಉಚಿತವಾಗಿ ತೆರೆಯಬಹುದಾದ ನಾಸಾದ ‘ಐಸ್’ನಲ್ಲೂ ನೋಡುಗರು ಬೆಳಕಿನ ಬಗೆಯನ್ನು ಬದಲಿಸಿಕೊಳ್ಳಬಹುದು. ತಿಳಿಯಲೆಂದು ಬೆಳಕು ಹೆಚ್ಚಿಸುವುದು ತಪ್ಪಲ್ಲ. ಹೆಚ್ಚಿಸಿದ್ದೇವೆಂದು ಹೇಳಬೇಕು, ಅಷ್ಟೆ.

ಇದನ್ನು ಹಿಡಿದುಕೊಂಡೇ ಈಚೆಗೆ ಒಂದು ಸಾಫ್ಟ್‌ವೇರ್ ಕಂಪನಿಯ ಸಂದರ್ಶನಕ್ಕೆ ಹೋಗಿದ್ದೆ. ಪ್ಯಾನೆಲ್‌ನಲ್ಲಿದ್ದ ಮೇಡಂ ಶನಿಯನ್ನು ನೋಡಿ, ‘ಇದೇನು ಬಗ್ಗಾ, ಇಷ್ಟು ಡಲ್ ಯಾಕಿದೆ?’ ಎಂದರು. ‘ಲೆಕ್ಕ’ದಿಂದ ‘ಕಣ್ಣಿ’ಗೆ ಬದಲಿಸಿ, 92ರ ಲೆಕ್ಕ ಹೇಳಿ, ನಮ್ಮನೆ ಜಗಲಿಯ ಕಥೆಯನ್ನೂ ಹೇಳಿದೆ. ಇಪ್ಪತ್ತು ನಿಮಿಷದ ಸಂದರ್ಶನ ಮುಕ್ಕಾಲು ಗಂಟೆ ನಡೆಯಿತು. ಅವರಿಗೆ ಎರಡು ವರ್ಷದ ಅನುಭವ ಇರುವವರು ಬೇಕಿತ್ತು, ಕೆಲಸ ಸಿಗಲಿಲ್ಲ. ಆದರೆ ಆ ಮುಕ್ಕಾಲು ಗಂಟೆ ನಾನು ತಡವರಿಸಲಿಲ್ಲ. ನನ್ನ ಹಿಂದಿನ ಸಂದರ್ಶನಗಳಲ್ಲಿ ಹಾಗಾಗಿರಲಿಲ್ಲ. ಯೂಟ್ಯೂಬ್ ನೋಡಿ ಮಾಡಿದ ಹತ್ತು ಪ್ರಾಜೆಕ್ಟುಗಳಿಗಿಂತ, ಪ್ರತಿಯೊಂದು ಸಂಖ್ಯೆಗೂ ‘ಇದು ಇಷ್ಟೇ ಏಕೆ’ ಎಂದು ಉತ್ತರಿಸಬಲ್ಲ ಒಂದು ಪ್ರಾಜೆಕ್ಟ್ ಎದೆಗೆ ಹೆಚ್ಚು ಧೈರ್ಯ ಕೊಡುತ್ತದೆ. ರೆಸ್ಯೂಮೆ ಈಗ ಬೇರೆ ಕಡೆಗೆ ಹೋಗಿದೆ.

ಇವತ್ತು ಸಂಜೆ ಮೋಡವಿಲ್ಲದಿದ್ದರೆ ಸೂರ್ಯ ಮುಳುಗಿದ ಮೇಲೆ ಐದಾರು ನಿಮಿಷ ಹೊರಗೆ ನಿಂತು ನೋಡಿ. ಪತ್ರಿಕೆಯ ಅಕ್ಷರಗಳು ಇನ್ನೂ ಕಾಣುತ್ತಿರುತ್ತವೆ, ಎದುರಿಗೆ ಬಂದವರ ಮುಖ ಗುರುತು ಸಿಗುತ್ತಿರುತ್ತದೆ. ಸೂರ್ಯನಿಂದ ಸುಮಾರು 600 ಕೋಟಿ ಕಿಲೊಮೀಟರ್ ಆಚೆಯ ಪ್ಲುಟೊದಲ್ಲಿ ನಡುಹಗಲು ಇರುವುದು ಹಾಗೆಯೇ.